ಪಕ್ಕದ ಶಾಲೆಯ ಬಾಗಿಲು ತಟ್ಟಲು ನಮ್ಮನ್ನು ಬಿಡಿ

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಖಾಸಗಿ ಅನುದಾನರಹಿತ ಶಾಲೆಗಳ ಆಡಳಿತ ಮಂಡಳಿಗಳ ಅಧ್ಯಕ್ಷರು, ಕಾರ್ಯದರ್ಶಿಗಳು ಹಾಗೂ ಮುಖ್ಯೋಪಾಧ್ಯಾಯರಿಗೆ ಒಂದು ಬಹಿರಂಗ ಪತ್ರ

ಪ್ರತಿ: ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಪ್ರಾಂಶುಪಾಲರು, ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ), ಎರಡೂ ಜಿಲ್ಲೆಗಳು

ಮಾನ್ಯರೇ,

ನಾನು ದಾವಣಗೆರೆಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ 19 ವರ್ಷಗಳಿಂದ ಗಣಿತ ಕಲಿಸುತ್ತಿದ್ದೇನೆ. ಅದಕ್ಕೂ ಮೊದಲು 3 ವರ್ಷ ಚಿತ್ರದುರ್ಗದಲ್ಲಿದ್ದೆ. ಈ 22 ವರ್ಷಗಳಲ್ಲಿ ಇನ್ನೊಂದು ಶಾಲೆಯ ತರಗತಿಯಲ್ಲಿ ಕುಳಿತು, ಇನ್ನೊಬ್ಬ ಶಿಕ್ಷಕರು ಪಾಠ ಮಾಡುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡುವ ಅವಕಾಶ ನನಗೆ ಒಮ್ಮೆಯೂ ಸಿಕ್ಕಿಲ್ಲ. ಹಾಗೆ ಕೊನೆಯ ಬಾರಿ ಕುಳಿತದ್ದು ಬಿ.ಇಡಿ. ಓದುವಾಗ. ನನ್ನ ತರಗತಿಗೂ ಹೊರಗಿನ ಶಿಕ್ಷಕರು ಯಾರೂ ಬಂದು ಕುಳಿತಿಲ್ಲ. ನಮ್ಮ ಶಾಲೆಯ ಗೋಡೆಗೆ ಅಂಟಿಕೊಂಡೇ ಇನ್ನೊಂದು ಶಾಲೆಯ ಗೋಡೆ ಇದೆ. ಅಲ್ಲಿನ ಗಂಟೆ ನಮಗೆ ಕೇಳಿಸುತ್ತದೆ, ಅಲ್ಲಿನ ಪ್ರಾರ್ಥನೆಯೂ ಕೇಳಿಸುತ್ತದೆ. ಅಲ್ಲಿ ಎಂಟನೇ ತರಗತಿಗೆ ಬೀಜಗಣಿತವನ್ನು ಹೇಗೆ ಶುರು ಮಾಡುತ್ತಾರೆ ಎಂಬುದು ಮಾತ್ರ ನನಗೆ ಗೊತ್ತಿಲ್ಲ. ಅಲ್ಲಿನ ಗಣಿತ ಶಿಕ್ಷಕಿ ಸಂತೆಯಲ್ಲಿ ಸಿಕ್ಕರೆ ಮಕ್ಕಳ ಆರೋಗ್ಯ, ಸೊಪ್ಪಿನ ಬೆಲೆ ಮಾತನಾಡುತ್ತೇವೆ. ಪಾಠದ ಮಾತು ಬಂದರೆ ಇಬ್ಬರೂ ಸುಮ್ಮನಾಗುತ್ತೇವೆ, ಏಕೆಂದರೆ ನಾವು ‘ಎದುರಾಳಿ’ ಶಾಲೆಗಳವರು.

ಈ ಸ್ಥಿತಿ ಬದಲಾಗಬೇಕು ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಎರಡೂ ಜಿಲ್ಲೆಗಳಿಗೆ ಸೇರಿಸಿ ಬರೆದದ್ದು ನಾನು ಎರಡೂ ಕಡೆ ಕೆಲಸ ಮಾಡಿದ್ದೇನೆ ಎಂಬ ಕಾರಣಕ್ಕೆ. 1997ರವರೆಗೆ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಜಿಲ್ಲೆ ಬೇರೆಯಾಯಿತು, ಕಷ್ಟ ಒಂದೇ ಆಗಿ ಉಳಿದಿದೆ.

ಮೊದಲು ನನಗೆ ಆದ ಒಂದು ಲಾಭವನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಎಸ್‌ಎಸ್‌ಎಲ್‌ಸಿ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಹೋಗಿದ್ದೆ. ಬೇರೆ ಬೇರೆ ಶಾಲೆಗಳ ಗಣಿತ ಶಿಕ್ಷಕರು ಒಂದೇ ಕೊಠಡಿಯಲ್ಲಿ ಕೂರುವುದು ವರ್ಷದಲ್ಲಿ ಆ ಕೆಲವು ದಿನ ಮಾತ್ರ. ಹತ್ತನೇ ತರಗತಿ ಕಲಿಸುವವರಿಗೆಲ್ಲ ಗೊತ್ತಿರುವ ಒಂದು ತಪ್ಪಿದೆ. ನಿರ್ದೇಶಾಂಕ ರೇಖಾಗಣಿತದಲ್ಲಿ ದೂರಸೂತ್ರ ಹಾಕುವಾಗ ಮಕ್ಕಳು ವರ್ಗಮೂಲದ ಒಳಗೆ 9 + 16 ಎಂದು ಸರಿಯಾಗಿಯೇ ಬರೆಯುತ್ತಾರೆ. ಮುಂದಿನ ಸಾಲಿನಲ್ಲಿ 25 ಮಾಡುವ ಬದಲು ಒಂದೊಂದಕ್ಕೂ ಬೇರೆ ಬೇರೆ ವರ್ಗಮೂಲ ತೆಗೆದು 3 + 4 = 7 ಎಂದು ಮುಗಿಸುತ್ತಾರೆ. ನಾನು ಆ ತಪ್ಪನ್ನು ವರ್ಷಗಟ್ಟಲೆ ಕೆಂಪು ಮಸಿಯಲ್ಲಿ ಹೊಡೆದಿದ್ದೇನೆ, ಕಪ್ಪುಹಲಗೆಯ ಮೇಲೆ ಹತ್ತಾರು ಸಲ ಬಿಡಿಸಿ ತೋರಿಸಿದ್ದೇನೆ, ಬೈದಿದ್ದೂ ಇದೆ. ತಪ್ಪು ಹೋಗಿರಲಿಲ್ಲ.

ಆ ದಿನ ಚಹಾ ವಿರಾಮದಲ್ಲಿ ಇದನ್ನು ಹೇಳಿಕೊಂಡಾಗ ಪಕ್ಕದಲ್ಲಿದ್ದ ಶಿಕ್ಷಕಿಯೊಬ್ಬರು ನಕ್ಕರು. ಅವರು ಜಗಳೂರು ಕಡೆಯ ಒಂದು ಚಿಕ್ಕ ಖಾಸಗಿ ಶಾಲೆಯವರು. ‘ನಾನು ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗುತ್ತೇನೆ ಮೇಡಂ. ಸುಣ್ಣದ ಪುಡಿಯಲ್ಲಿ ಮೂರು ಮಾರು ಗೆರೆ ಎಳೆಸುತ್ತೇನೆ, ಅದರ ತುದಿಯಿಂದ ನೇರ ಅಡ್ಡಕ್ಕೆ ನಾಲ್ಕು ಮಾರು. ಇದು ಹೊಲದ ಬದು ಎನ್ನುತ್ತೇನೆ. ಬದುವಿನ ಮೇಲೆ ನಡೆದು ಹೋದವನಿಗೆ ಎಷ್ಟಾಯಿತು? ಏಳು. ಹೊಲದ ನಡುವೆ ಹಾಯ್ದವನಿಗೂ ಏಳೇ ಆದರೆ ಯಾರಾದರೂ ಹಾಯುತ್ತಾರೆಯೇ? ಹಗ್ಗ ಹಿಡಿದು ಅಳೆಯುತ್ತಾರೆ, ಐದು ಬರುತ್ತದೆ. ಆಮೇಲೆ ಏಳು ಎಂದು ಬರೆದವನನ್ನು ಉಳಿದ ಮಕ್ಕಳೇ ತಿದ್ದುತ್ತಾರೆ, ನೀನು ಬದುವಿನ ಮೇಲೆ ನಡೆದೆ ಎಂದು.’

ಇಷ್ಟೇ ಮಾತು. ಚಹಾ ಆರುವುದರೊಳಗೆ ಮುಗಿಯಿತು. ಮುಂದಿನ ವರ್ಷ ನಾನು ನಮ್ಮ ಶಾಲೆಯ ಅಂಗಳದಲ್ಲಿ ಅದನ್ನೇ ಮಾಡಿದೆ. ಪೇಟೆಯ ಮಕ್ಕಳಿಗೆ ಬದು ಗೊತ್ತಿರಲಿಲ್ಲ, ಹಾಗಾಗಿ ಮೈದಾನದ ಅಂಚು ಎಂದೆ. ಅಜ್ಜನ ಊರಿಗೆ ಹೋಗಿಬರುವ ಒಬ್ಬ ಹುಡುಗ ‘ಮಿಸ್, ಇದು ಬದು’ ಎಂದ, ಆ ಪದವೇ ನಿಂತಿತು. ಈಗ ಯಾರಾದರೂ 7 ಎಂದು ಬರೆದರೆ ನೋಟ್‌ಬುಕ್ಕಿನ ಅಂಚಿನಲ್ಲಿ ‘ಬದು’ ಎಂದಷ್ಟೇ ಬರೆಯುತ್ತೇನೆ. ಹುಡುಗರು ಓದಿ, ತಲೆ ಕೆರೆದುಕೊಂಡು, ತಾವೇ 5 ಮಾಡಿಕೊಳ್ಳುತ್ತಾರೆ.

ಮಾನ್ಯರೇ, ಈ ಮಾತು ನನಗೆ ವೃತ್ತಿಯ ಮೊದಲ ವರ್ಷವೇ ಸಿಗಬೇಕಿತ್ತು. ಸಿಗದೆ ಹೋದದ್ದಕ್ಕೆ ನನ್ನ ಕೈಯಲ್ಲಿ ಕಲಿತು ಹೋದ ಎಷ್ಟೋ ಬ್ಯಾಚುಗಳ ಮಕ್ಕಳು ಅಂಕ ತೆತ್ತಿದ್ದಾರೆ. ಇನ್ನೊಂದು ವಿಷಯವನ್ನೂ ಗಮನಿಸಿ: ನನಗೆ ಕಲಿಸಿದವರು ಹೆಸರುವಾಸಿ ಶಾಲೆಯವರಲ್ಲ. ಶಾಲೆಗಳ ನಡುವಿನ ಸಹಕಾರ ಎಂದರೆ ದೊಡ್ಡ ಶಾಲೆಯವರು ಚಿಕ್ಕ ಶಾಲೆಯವರಿಗೆ ಉಪದೇಶ ಮಾಡುವುದು ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಒಳ್ಳೆಯ ಪಾಠ ಯಾವ ಶಾಲೆಯ ಯಾವ ಕೊಠಡಿಯಲ್ಲಿ ನಡೆಯುತ್ತಿದೆ ಎಂಬುದು ಒಳಗೆ ಹೋಗಿ ನೋಡದೆ ಯಾರಿಗೂ ಗೊತ್ತಾಗುವುದಿಲ್ಲ.

ಈಗ ನಷ್ಟದ ಕಥೆ. ಮೂರು ವರ್ಷಗಳ ಹಿಂದೆ ಹೊಸದುರ್ಗ ಕಡೆಯ ಒಬ್ಬ ಯುವತಿ ನಮ್ಮ ಶಾಲೆಗೆ ಸೇರಿದರು. ಬಿ.ಎಸ್‌ಸಿ., ಬಿ.ಇಡಿ. ಮುಗಿಸಿದ್ದರು, ಗಣಿತದ ಮೇಲೆ ನಿಜವಾದ ಪ್ರೀತಿ ಇತ್ತು. ಬಂದ ದಿನವೇ ಕೈಗೆ ವೇಳಾಪಟ್ಟಿ ಕೊಟ್ಟರು: ವಾರಕ್ಕೆ 34 ಪೀರಿಯಡ್, ಮೂರು ತರಗತಿ, ಒಂದು ವಿಭಾಗದ ಹಾಜರಾತಿ ಪುಸ್ತಕ. ಆಗಸ್ಟ್‌ನಲ್ಲಿ ಒಂದು ದಿನ ನಾನು ಆ ಕೊಠಡಿಯ ಮುಂದೆ ಹಾದು ಹೋಗುತ್ತಿದ್ದೆ. ಏಳನೇ ತರಗತಿ, ಪೂರ್ಣಾಂಕಗಳ ಪಾಠ. ಋಣ ಸಂಖ್ಯೆಯನ್ನು ಋಣ ಸಂಖ್ಯೆಯಿಂದ ಗುಣಿಸಿದರೆ ಧನ ಸಂಖ್ಯೆ ಹೇಗಾಗುತ್ತದೆ ಎಂದು ಒಬ್ಬ ಹುಡುಗ ಎದ್ದು ನಿಂತು ಕೇಳಿದ. ಅದು ಗಣಿತದ ತರಗತಿಯಲ್ಲಿ ಬರಬಹುದಾದ ಅತ್ಯುತ್ತಮ ಪ್ರಶ್ನೆಗಳಲ್ಲಿ ಒಂದು. ಆಕೆ ಒಂದು ಕ್ಷಣ ತಡೆದು, ‘ಅದು ನಿಯಮ, ಬರೆದುಕೊಳ್ಳಿ’ ಎಂದರು. ಬಾಗಿಲಲ್ಲಿ ನನ್ನನ್ನು ಕಂಡು ಮುಖ ಬಿಳುಪೇರಿತು. ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಗಿ ಕೆಳಗೆ ಬಿತ್ತು. ತಪ್ಪು ಹಿಡಿಯಲು ಬಂದಿದ್ದೇನೆ ಎಂದುಕೊಂಡಿರಬೇಕು. ಅವರಿಗೆ ಮುಜುಗರವಾಗಬಾರದು ಎಂದು ನಾನು ಮುಂದೆ ನಡೆದುಬಿಟ್ಟೆ.

ಹಾಗೆ ನಡೆದು ಹೋದದ್ದು ನನ್ನ ತಪ್ಪು. ಸಂಜೆ ಸ್ಟಾಫ್ ರೂಮಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಹತ್ತು ನಿಮಿಷ ಮಾತನಾಡಬಹುದಿತ್ತು. 3ನ್ನು −2ರಿಂದ ಗುಣಿಸಿ, ಆಮೇಲೆ 2ನ್ನು, 1ನ್ನು, ಸೊನ್ನೆಯನ್ನು −2ರಿಂದ ಗುಣಿಸುತ್ತಾ ಇಳಿದರೆ ಉತ್ತರಗಳು −6, −4, −2, 0 ಎಂದು ಎರಡೆರಡಾಗಿ ಏರುತ್ತವೆ. ಮುಂದಿನ ಮೆಟ್ಟಿಲು −1 ಗುಣಿಸು −2, ಅದು 2 ಅಲ್ಲದೆ ಬೇರೇನೂ ಆಗಲಾರದು ಎಂದು ಮಕ್ಕಳೇ ಹೇಳುತ್ತಾರೆ. ನಾನು ಹೇಳಲಿಲ್ಲ. ಅವತ್ತು ನನಗೂ ಸತತ ಏಳು ಪೀರಿಯಡ್, ಮೇಲೆ ನೋಟ್ಸ್ ತಿದ್ದುವ ರಾಶಿ. ಆಕೆಯ ಪಾಠವನ್ನು ನೋಡುತ್ತಿದ್ದದ್ದು ಕೊಠಡಿಯ ಮೂಲೆಯ ಸಿಸಿ ಕ್ಯಾಮೆರಾ ಒಂದೇ. ಅದು ಕಚೇರಿಗೆ ಗಲಾಟೆಯನ್ನು ತೋರಿಸುತ್ತದೆ, ಗಲಾಟೆಯ ಕಾರಣವನ್ನು ತೋರಿಸುವುದಿಲ್ಲ. ‘ಕ್ಲಾಸ್ ಕಂಟ್ರೋಲ್ ಇಲ್ಲ’ ಎಂಬ ಮಾತು ಎರಡು ಸಲ ಬಂತು. ಸಂಕ್ರಾಂತಿಗೆ ಊರಿಗೆ ಹೋದವರು ಮರಳಿ ಬರಲಿಲ್ಲ. ಈಗ ಒಂದು ಆಭರಣದ ಅಂಗಡಿಯಲ್ಲಿ ಬಿಲ್ ಹಾಕುತ್ತಾರೆ. ಅದೂ ಗೌರವದ ಕೆಲಸವೇ. ಆದರೆ ಗಣಿತವನ್ನು ಅಷ್ಟು ಪ್ರೀತಿಸುವ ಒಬ್ಬರನ್ನು ನಾವು ಏಳು ತಿಂಗಳಲ್ಲಿ ಕಳೆದುಕೊಂಡೆವು.

ನನ್ನ ತಂದೆ ಈ ಊರಿನ ಹತ್ತಿ ಗಿರಣಿಯಲ್ಲಿ ದುಡಿದವರು. ಹೊಸಬನನ್ನು ಯಂತ್ರದ ಮುಂದೆ ಒಬ್ಬನೇ ನಿಲ್ಲಿಸುತ್ತಿರಲಿಲ್ಲ ಎಂದು ಅವರು ಹೇಳುತ್ತಿದ್ದರು. ನೂಲು ಕಡಿದರೆ ಗಂಟು ಹಾಕುವುದನ್ನು ಹಳೆಯ ಕೆಲಸಗಾರ ಪಕ್ಕದಲ್ಲಿ ನಿಂತು ತಿಂಗಳುಗಟ್ಟಲೆ ತೋರಿಸುತ್ತಿದ್ದನಂತೆ. ನೂಲಿಗೆ ಕೊಟ್ಟ ಆ ಎಚ್ಚರಿಕೆಯನ್ನು ನಾವು 45 ಮಕ್ಕಳಿರುವ ಕೊಠಡಿಗೆ ಕೊಡುತ್ತಿಲ್ಲ.

ಸರ್ಕಾರಿ ಶಾಲೆಗಳ ಶಿಕ್ಷಕರಿಗೆ ಸಾವಿರ ಕಷ್ಟಗಳಿರಬಹುದು, ಆದರೆ ಅವರಿಗೆ ಒಂದು ವ್ಯವಸ್ಥೆಯಾದರೂ ಇದೆ. ಹತ್ತಿರದ ಶಾಲೆಗಳ ಗುಂಪಾದ ಕ್ಲಸ್ಟರ್ ಹಂತದಲ್ಲಿ ಸಮಾಲೋಚನಾ ಸಭೆ ಸೇರುತ್ತಾರೆ, ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಶಾಲೆಗೆ ಬರುತ್ತಾರೆ, ಡಯಟ್‌ನಲ್ಲಿ ತರಬೇತಿ ಇರುತ್ತದೆ. ಸಿಬಿಎಸ್‌ಇ ಶಾಲೆಗಳಿಗೆ ‘ಸಹೋದಯ’ ಎಂಬ ಶಾಲಾ ಕೂಟಗಳಿವೆ, ಅಲ್ಲಿನ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆಗಳ ತರಬೇತಿ ಎಂಬ ನಿಯಮವಿದೆ. ರಾಜ್ಯ ಪಠ್ಯಕ್ರಮದ ಅನುದಾನರಹಿತ ಶಾಲೆಯಲ್ಲಿ ದುಡಿಯುವ ನನ್ನಂಥವರ ಪಾಲಿಗೆ ಬರುವುದು ವರ್ಷಕ್ಕೊಮ್ಮೆ ಪುಸ್ತಕ ಪ್ರಕಾಶಕರು ಏರ್ಪಡಿಸುವ ಕಾರ್ಯಾಗಾರ. ದೊಡ್ಡ ಸಭಾಂಗಣ, ಹೊರಗಿನಿಂದ ಬಂದ ಭಾಷಣಕಾರರು, ಆತ್ಮವಿಶ್ವಾಸ ಬೆಳೆಸಿಕೊಳ್ಳುವುದರ ಬಗ್ಗೆ ಎರಡು ಗಂಟೆ, ಊಟ, ಗುಂಪು ಫೋಟೋ, ಪ್ರಮಾಣಪತ್ರ. ನನ್ನ ಬಳಿ ಅಂಥ 11 ಪ್ರಮಾಣಪತ್ರಗಳಿವೆ. ಭಿನ್ನರಾಶಿಯನ್ನು ಭಿನ್ನರಾಶಿಯಿಂದ ಭಾಗಿಸುವುದನ್ನು ಮಕ್ಕಳಿಗೆ ಹೇಗೆ ಮುಟ್ಟಿಸಬೇಕು ಎಂದು ಆ 11 ದಿನಗಳಲ್ಲಿ ಯಾರೂ ಮಾತನಾಡಲಿಲ್ಲ.

ಶಾಲೆಗಳು ಕೂಡಿ ಕಲಿಯಬೇಕು ಎಂಬುದು ಹೊಸ ಮಾತೇನೂ ಅಲ್ಲ. ಪ್ರೌಢಶಾಲೆಯೊಂದರ ಸುತ್ತಲಿನ ಶಾಲೆಗಳು ಸೇರಿ ‘ಶಾಲಾ ಸಂಕೀರ್ಣ’ ಕಟ್ಟಿಕೊಳ್ಳಬೇಕು ಎಂದು ಕೊಠಾರಿ ಆಯೋಗ 1966ರಲ್ಲಿಯೇ ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದನ್ನು ಮತ್ತೆ ಹೇಳಿದೆ. ಆ ನೀತಿ ನಮ್ಮ ರಾಜ್ಯಕ್ಕೆ ಬೇಕೋ ಬೇಡವೋ ಎಂಬ ವಾದ ಬೇರೆ. ಈ ಒಂದು ಅಂಶಕ್ಕೆ ಯಾರ ತಕರಾರೂ ಇರಲಾರದು. ನಮ್ಮ ನಾಡಿನಲ್ಲೇ ಇದಕ್ಕಿಂತ ದೊಡ್ಡ ಸಾಕ್ಷಿ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋದರು. ಅದೊಂದು ಖಾಸಗಿ ಸಂಸ್ಥೆ. ಸುತ್ತಲಿನ ಹಳ್ಳಿಗಳಲ್ಲಿ ಅದು ನಡೆಸುತ್ತಿದ್ದ ಪುಟ್ಟ ಶಾಲೆಗಳಲ್ಲಿ ಮಕ್ಕಳು ಕಾರ್ಡುಗಳನ್ನು ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ, ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ಕಣ್ಣಾರೆ ಕಂಡರು. ಮರಳಿ ಬಂದು ತಮ್ಮ ಮಕ್ಕಳಿಗೆ ಒಗ್ಗುವಂತೆ ತಾವೇ ಕಾರ್ಡುಗಳನ್ನು ಬರೆದರು. ‘ನಲಿ-ಕಲಿ’ ಹುಟ್ಟಿದ್ದು ಹಾಗೆ. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಎಳೆಯ ತರಗತಿಗಳಿಗೆಲ್ಲ ಹರಡಿತು. ನಲಿ-ಕಲಿಯ ಈಗಿನ ಸ್ಥಿತಿಯ ಬಗ್ಗೆ ಯಾರಿಗೆ ಏನೇ ಅಭಿಪ್ರಾಯವಿರಲಿ, ಅದರ ಮೊದಲ ಹೆಜ್ಜೆ ಮಾತ್ರ ನನ್ನ ಪತ್ರದ ವಿಷಯವೇ ಆಗಿದೆ: ಕೆಲವು ಶಿಕ್ಷಕರು ಇನ್ನೊಂದು ಶಾಲೆಗೆ ಹೋಗಿ ಕುಳಿತು ನೋಡಿದರು, ಆ ಶಾಲೆಯವರು ಬಾಗಿಲು ತೆರೆದರು.

ನಮ್ಮ ಬಾಗಿಲುಗಳು ಏಕೆ ಮುಚ್ಚಿವೆ ಎಂಬುದನ್ನೂ ಬರೆಯಲೇಬೇಕು. ನಿಮ್ಮಲ್ಲಿ ಹಲವರ ಭಯ ನನಗೆ ಗೊತ್ತು, ಸಭೆಗಳಲ್ಲಿ ಕೇಳಿಸಿಕೊಂಡಿದ್ದೇನೆ. ‘ನಮ್ಮ ಒಳ್ಳೆಯ ಟೀಚರನ್ನು ಅಲ್ಲಿಗೆ ಕಳುಹಿಸಿದರೆ ಅವರು ಅಲ್ಲಿಯೇ ಉಳಿಸಿಕೊಳ್ಳುತ್ತಾರೆ’ ಎನ್ನುವುದು ಮೊದಲ ಭಯ. ಈ ಭಯಕ್ಕೇ ಕೆಲವು ಕಡೆ ಶಿಕ್ಷಕರ ಮೂಲ ಅಂಕಪಟ್ಟಿಗಳನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕುತ್ತಾರೆ. ಇದು ತಪ್ಪು ಎಂದು ನೇರವಾಗಿ ಹೇಳುತ್ತೇನೆ. ಕಾಗದ ಹಿಡಿದಿಟ್ಟರೆ ಮನುಷ್ಯರು ಉಳಿಯುವುದಿಲ್ಲ. ನಾನು ಕಂಡಂತೆ ಶಿಕ್ಷಕರು ಶಾಲೆ ಬಿಡುವುದು ಸಂಬಳ ತಡವಾದಾಗ, ಬೇಸಿಗೆ ರಜೆಯ ಸಂಬಳ ಕಡಿದಾಗ, ಹಾಗೂ ತಾವು ಬೆಳೆಯುತ್ತಿಲ್ಲ ಎನಿಸಿದಾಗ. ಮೂರನೆಯ ಕಾರಣವನ್ನು ಈ ಸಹಕಾರವೇ ನೀಗಿಸುತ್ತದೆ. ಮೊದಲ ಎರಡನ್ನು ನೀವೇ ನೀಗಿಸಬೇಕು. ಒಬ್ಬರ ಶಿಕ್ಷಕರನ್ನು ಇನ್ನೊಬ್ಬರು ತೆಗೆದುಕೊಳ್ಳುವುದಿಲ್ಲ ಎಂದು ಆಡಳಿತ ಮಂಡಳಿಗಳು ತಮ್ಮೊಳಗೆ ಒಪ್ಪಂದ ಮಾಡಿಕೊಳ್ಳೋಣ ಎಂಬ ಸಲಹೆಯೂ ಕೇಳಿಬಂದಿದೆ. ದಯವಿಟ್ಟು ಅದನ್ನು ಮಾಡಬೇಡಿ. ಅದು ಶಿಕ್ಷಕರನ್ನು ಕಟ್ಟಿಹಾಕುವ ಹಗ್ಗವಾಗುತ್ತದೆ.

ಎರಡನೆಯ ಭಯ ಫಲಿತಾಂಶದ್ದು. ಮೇ ತಿಂಗಳಲ್ಲಿ ಪಿ.ಬಿ. ರಸ್ತೆಯ ಉದ್ದಕ್ಕೂ ಮಕ್ಕಳ ಫೋಟೋ ಇರುವ ಫ್ಲೆಕ್ಸ್‌ಗಳು ಏಳುತ್ತವೆ. ನಮ್ಮ ‘ಗುಟ್ಟು’ ಪಕ್ಕದವರಿಗೆ ತಿಳಿದರೆ ಆ ಫ್ಲೆಕ್ಸ್‌ನಲ್ಲಿ ನಮ್ಮ ಸ್ಥಾನ ಇಳಿಯುತ್ತದೆ ಎಂಬ ಲೆಕ್ಕಾಚಾರ. ಮಾನ್ಯರೇ, ಅಂಥ ಗುಟ್ಟು ಯಾವುದೂ ಇಲ್ಲ. ಬದುವಿನ ಉದಾಹರಣೆ ಹೇಳಿಕೊಟ್ಟ ಜಗಳೂರಿನ ಶಿಕ್ಷಕಿ ಅದರಿಂದ ಏನನ್ನೂ ಕಳೆದುಕೊಳ್ಳಲಿಲ್ಲ. ಎರಡು ಊರಿನ ಮಕ್ಕಳು ಪಡೆದುಕೊಂಡರು.

ಇನ್ನು ನನ್ನ ಬೇಡಿಕೆಗಳು.

ಹತ್ತಿರ ಹತ್ತಿರ ಇರುವ ನಾಲ್ಕೈದು ಶಾಲೆಗಳು ಒಂದು ಬಳಗವಾಗಲಿ. ಇದಕ್ಕೆ ನೋಂದಣಿ ಬೇಡ, ಉದ್ಘಾಟನೆ ಬೇಡ. ಶನಿವಾರ ಹೇಗಿದ್ದರೂ ಬೆಳಗಿನ ಶಾಲೆ. ತಿಂಗಳಲ್ಲಿ ಒಂದು ಶನಿವಾರದ ಕೊನೆಯ ಎರಡು ಪೀರಿಯಡ್‌ಗಳನ್ನು ಒಂದು ವಿಷಯದ ಶಿಕ್ಷಕರಿಗೆ ಬಿಟ್ಟುಕೊಡಿ. ಶಾಲೆ ಬಿಟ್ಟ ಮೇಲಿನ ಹೊತ್ತನ್ನು ಕೇಳಬೇಡಿ. ನಮ್ಮಲ್ಲಿ ಹೆಚ್ಚಿನವರು ಮಹಿಳೆಯರು, ಮನೆಯ ಕೆಲಸ ಕಾಯುತ್ತಿರುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಿಕ್ಷಕರ ವಾರದ 45 ಗಂಟೆಗಳಲ್ಲಿ ಪಾಠದ ಸಿದ್ಧತೆಯ ಹೊತ್ತನ್ನೂ ಸೇರಿಸಿ ಎಣಿಸಿದ್ದಾರೆ. ಕಲಿಯುವುದೂ ಕೆಲಸದ ಭಾಗವೇ.

ಆ ಎರಡು ಪೀರಿಯಡ್‌ಗಳಲ್ಲಿ ಭಾಷಣ ಬೇಡ. ಜಪಾನಿನ ಶಾಲೆಗಳಲ್ಲಿ ‘ಜುಗ್ಯೋ ಕೆಂಕ್ಯೂ’ ಎಂಬ ಪದ್ಧತಿ ಬಹುಕಾಲದಿಂದ ಇದೆ. ಕೆಲವು ಶಿಕ್ಷಕರು ಕೂಡಿ ಒಂದೇ ಒಂದು ಪಾಠವನ್ನು ಯೋಜಿಸುತ್ತಾರೆ, ಒಬ್ಬರು ಅದನ್ನು ಮಾಡುತ್ತಾರೆ, ಉಳಿದವರು ಹಿಂದೆ ಕುಳಿತು ಮಕ್ಕಳನ್ನು ಗಮನಿಸುತ್ತಾರೆ. ಯಾವ ಮಗು ಎಲ್ಲಿ ತಡವರಿಸಿತು, ಯಾವ ಪ್ರಶ್ನೆಗೆ ಕಣ್ಣು ಅರಳಿತು ಎಂದು ಬರೆದುಕೊಳ್ಳುತ್ತಾರೆ. ಆಮೇಲಿನ ಚರ್ಚೆ ಪಾಠದ ಬಗ್ಗೆ ನಡೆಯುತ್ತದೆ. ಪಾಠ ಎಲ್ಲರೂ ಕೂಡಿ ಕಟ್ಟಿದ್ದಾದ್ದರಿಂದ ಮಾಡಿದವರ ಮೇಲೆ ತಪ್ಪು ಹೊರಿಸುವ ಪ್ರಸಂಗವೇ ಬರುವುದಿಲ್ಲ. ಇದಕ್ಕೆ ಬೇಕಾಗುವ ಖರ್ಚು ನಾಲ್ಕು ಹೆಚ್ಚುವರಿ ಕುರ್ಚಿ.

ಹೊಸದಾಗಿ ಸೇರಿದ ಪ್ರತಿಯೊಬ್ಬ ಶಿಕ್ಷಕರಿಗೂ ಮೊದಲ ಎರಡು ವರ್ಷ ಒಬ್ಬ ಮಾರ್ಗದರ್ಶಿ ಶಿಕ್ಷಕರಿರಲಿ, ಅವರು ಬೇರೆ ಶಾಲೆಯವರಾಗಿರಲಿ. ಇದನ್ನು ಒತ್ತಿ ಹೇಳುತ್ತೇನೆ. ಅದೇ ಶಾಲೆಯ ಹಿರಿಯರಾದರೆ ಹೊಸಬರ ಕಣ್ಣಿಗೆ ಅವರು ಕಚೇರಿಯ ಕಿವಿಯಾಗಿ ಕಾಣುತ್ತಾರೆ. ಬಾಗಿಲಲ್ಲಿ ನನ್ನನ್ನು ಕಂಡ ಆ ಯುವತಿಯ ಮುಖ ನನಗೆ ಅದನ್ನು ಕಲಿಸಿತು. ‘ಇದು ನನಗೇ ಅರ್ಥವಾಗಿಲ್ಲ, ಹೇಳಿಕೊಡಿ’ ಎಂದು ಕೇಳಲು ಸಂಬಳ ಹೆಚ್ಚಳಕ್ಕೂ ತಮ್ಮ ಕೆಲಸಕ್ಕೂ ಸಂಬಂಧವೇ ಇಲ್ಲದ ಒಬ್ಬರು ಬೇಕು. ಆದ್ದರಿಂದ ಮಾರ್ಗದರ್ಶಿಗಳಿಂದ ವರದಿ ಕೇಳಬೇಡಿ, ಅಂಕ ಹಾಕಿಸಬೇಡಿ, ದಿನಾ ವಾಟ್ಸ್‌ಆ್ಯಪ್ ಗುಂಪಿಗೆ ಫೋಟೋ ಹಾಕಿ ಎನ್ನಬೇಡಿ. ಮಾರ್ಗದರ್ಶಿಯ ವಾರದ ಎರಡು ಪೀರಿಯಡ್‌ಗಳನ್ನು ಕಡಿಮೆ ಮಾಡಿ. ಅದಿಲ್ಲದೆ ಈ ಕೆಲಸ ಹೆಸರಿಗಷ್ಟೇ ಉಳಿಯುತ್ತದೆ, ನನ್ನ ಏಳು ಪೀರಿಯಡ್‌ಗಳ ದಿನ ಆದಂತೆ.

ಮೊಳಕಾಲ್ಮುರು, ಜಗಳೂರು ಕಡೆ ಶಾಲೆಗಳು ದೂರ ದೂರ ಇವೆ. ಅಲ್ಲಿ ಎರಡೇ ಶಾಲೆಗಳು ಜೊತೆಯಾದರೂ ಸಾಕು, ಉಳಿದದ್ದು ಫೋನಿನಲ್ಲಿ ನಡೆಯಲಿ. ವರ್ಷಕ್ಕೊಮ್ಮೆ ಎರಡೂ ಜಿಲ್ಲೆಗಳವರು ಸೇರಬೇಕೆಂದರೆ ಹೆದ್ದಾರಿಯ ಮೇಲೆ ನಡುವೆ ಭರಮಸಾಗರ ಇದೆ.

ಉಪನಿರ್ದೇಶಕರಲ್ಲಿ ಹಾಗೂ ಡಯಟ್ ಪ್ರಾಂಶುಪಾಲರಲ್ಲಿ ಒಂದೇ ವಿನಂತಿ. ಸಮಾಲೋಚನಾ ಸಭೆಗಳಲ್ಲಿ ಅನುದಾನರಹಿತ ಶಾಲೆಗಳ ಶಿಕ್ಷಕರಿಗೂ ಕೂರಲು ಜಾಗ ಕೊಡಿ. ನಮಗೆ ಪ್ರಯಾಣ ಭತ್ಯೆ ಬೇಡ. ನಮ್ಮ ಶಾಲೆಗಳಲ್ಲಿ ಓದುವವರೂ ಇದೇ ಜಿಲ್ಲೆಯ ಮಕ್ಕಳು, ಬರೆಯುವುದು ಅದೇ ಪರೀಕ್ಷೆ. ಸರ್ಕಾರಿ ಶಾಲೆಯ ಎಷ್ಟೋ ಶಿಕ್ಷಕರ ಅನುಭವ ನಮಗಿಂತ ದೊಡ್ಡದು, ಅದು ನಮಗೆ ಬೇಕು.

ಈ ಪತ್ರದಲ್ಲಿ ನನ್ನ ಹೆಸರನ್ನೂ ಶಾಲೆಯ ಹೆಸರನ್ನೂ ಹಾಕಿಲ್ಲ. ನನ್ನ ದೂರು ಯಾವುದೋ ಒಂದು ಶಾಲೆಯ ಮೇಲೆ ಅಲ್ಲ, ಹೆಸರು ಬರೆದರೆ ಮಾತು ಅಲ್ಲಿಗೇ ತಿರುಗುತ್ತದೆ. ಎರಡೂ ಉಪನಿರ್ದೇಶಕರ ಕಚೇರಿಗಳಿಗೆ ಕೊಟ್ಟಿರುವ ಪ್ರತಿಯಲ್ಲಿ ನನ್ನ ಹೆಸರು, ವಿಳಾಸ, ಸಹಿ ಇದೆ. ನಮ್ಮ ಮುಖ್ಯೋಪಾಧ್ಯಾಯಿನಿಯವರನ್ನು ಕೇಳಿ ಒಪ್ಪಿಗೆ ಪಡೆದಿದ್ದೇನೆ: ಬರುವ ಶೈಕ್ಷಣಿಕ ವರ್ಷದ ಜೂನ್‌ನಿಂದ ಪ್ರತಿ ಗುರುವಾರ ಮೂರನೇ ಪೀರಿಯಡ್ ನನ್ನ ಹತ್ತನೇ ತರಗತಿಗೆ ಯಾವ ಶಾಲೆಯ ಗಣಿತ ಶಿಕ್ಷಕರಾದರೂ ಬಂದು ಕೂರಬಹುದು. ಹಿಂದಿನ ಬೆಂಚನ್ನು ಖಾಲಿ ಇಡಿಸುತ್ತೇನೆ. ಅದಾದ ಮೇಲಿನ ಪೀರಿಯಡ್ ನನಗೆ ಬಿಡುವು, ಕುಳಿತು ಮಾತನಾಡಬಹುದು. ಗೋಡೆಯ ಆಚೆಯ ಶಾಲೆಯವರು ಒಪ್ಪಿದರೆ ಮೊದಲ ಶುಕ್ರವಾರವೇ ಅವರ ಎಂಟನೇ ತರಗತಿಯ ಬೀಜಗಣಿತ ನೋಡಲು ನಾನು ಬರುತ್ತೇನೆ. ಉತ್ತರಕ್ಕಾಗಿ ಕಾಯುತ್ತಿರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಗಣಿತ ಶಿಕ್ಷಕಿ,
ಖಾಸಗಿ ಅನುದಾನರಹಿತ ಪ್ರೌಢಶಾಲೆ,
ದಾವಣಗೆರೆ